ಓದಿ ಊದುವುದು: ರುಕ್ಯಾವನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಸಂಜೆಯ ಮಗ್ರಿಬ್ ನಮಾಝ್ ಮುಗಿದು ಜನ ಹೊರಬರುವ ಹೊತ್ತಿಗೆ ನಮ್ಮೂರ ಮಸೀದಿಯ ಬಾಗಿಲಲ್ಲಿ ನಾಲ್ಕಾರು ತಾಯಂದಿರು ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿರುತ್ತಾರೆ. ಕೆಲವರ ಕೈಯಲ್ಲಿ ನೀರಿನ ಬಾಟಲಿ. ಅವರಲ್ಲಿ ಮುಸ್ಲಿಮರೂ ಇರುತ್ತಾರೆ, ಹಿಂದೂಗಳೂ ಇರುತ್ತಾರೆ. ಒಬ್ಬಳ ಮಗು ರಾತ್ರಿಯಿಡೀ ಅಳುತ್ತದೆ, ಇನ್ನೊಬ್ಬಳ ಮಗನಿಗೆ ಬಿಡದ ಜ್ವರ, ಮತ್ತೊಬ್ಬಳ ಮಗಳು ಏನನ್ನೋ ಕಂಡು ಬೆಚ್ಚಿದ್ದಾಳೆ. ಉಸ್ತಾದರು ತುಟಿಯೊಳಗೇ ಏನೋ ಓದಿ ಮಗುವಿನ ನೆತ್ತಿಗೆ, ಬಾಟಲಿಯ ಬಾಯಿಗೆ ಊದುತ್ತಾರೆ. ತಾಯಿಯ ಮುಖ ಸ್ವಲ್ಪ ತಿಳಿಯಾಗುತ್ತದೆ.

ಅವರು ಓದುವುದು ಹೆಚ್ಚಾಗಿ ಕುರ್‌ಆನಿನ ಮೊದಲ ಅಧ್ಯಾಯವಾದ ಸೂರಾ ಫಾತಿಹಾ, ಬಕರಾ ಎಂಬ ಸೂರಾದ ಒಂದು ವಚನವಾದ ಆಯತುಲ್ ಕುರ್ಸಿ, ಕುರ್‌ಆನಿನ ಕೊನೆಯ ಮೂರು ಸೂರಾಗಳು. ಮದ್ರಸಾದಲ್ಲಿ ನಾಲ್ಕು ವರ್ಷ ಕೂತ ಯಾವ ಮಗುವಿಗೂ ಬಾಯಿಪಾಠ ಇರುವಂಥವು ಇವು. ಆ ಬಾಗಿಲಲ್ಲಿ ನಿಂತ ಮುಸ್ಲಿಂ ತಾಯಿಗೂ ಇವು ಬರುತ್ತವೆ. ಐದು ಹೊತ್ತಿನ ನಮಾಝಿನಲ್ಲಿ ದಿನವೂ ಓದುತ್ತಾಳೆ. ಆದರೂ ಇದನ್ನು ನೀನೇ ನಿನ್ನ ಮಗುವಿನ ನೆತ್ತಿಯ ಮೇಲೆ ಕೈಯಿಟ್ಟು ಓದಬಹುದು ಎಂದು ಯಾರೂ ಅವಳಿಗೆ ಹೇಳಿಲ್ಲ. ಉಸ್ತಾದರ ಹತ್ತಿರ ಊದಿಸಿಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಿಮ್ಮ ಬಳಿಯೇ ಇರುವುದನ್ನು ನೀವು ಬಳಸಬೇಕೆಂದು ಕೇಳಿಕೊಳ್ಳುತ್ತಿದ್ದೇನೆ, ಅದರ ಬಗೆಯನ್ನು ಒಂದೊಂದಾಗಿ ಇಲ್ಲಿ ಬರೆದಿದ್ದೇನೆ.

ರುಕ್ಯಾ ಎಂದರೆ

ಕುರ್‌ಆನಿನ ವಚನಗಳನ್ನೋ ಪ್ರವಾದಿ(ಸ) ಕಲಿಸಿದ ದುಆಗಳನ್ನೋ (ಪ್ರಾರ್ಥನೆಗಳನ್ನೋ) ಓದಿ ಅಲ್ಲಾಹನಲ್ಲಿ ಶಿಫಾ, ಎಂದರೆ ಗುಣ ಬೇಡುವುದಕ್ಕೆ ಅರಬಿಯಲ್ಲಿ ರುಕ್ಯಾ ಎನ್ನುತ್ತಾರೆ. ಹೆಸರುಗಳ ಜೊತೆ ಬರುವ (ಸ), (ರ), (ಅ) ಗೌರವದ ಹಾರೈಕೆಯ ಕಿರುಗುರುತುಗಳು. ಕರಾವಳಿಯಲ್ಲಿ ನಾವು ‘ಊದುವುದು’, ‘ಮಂತ್ರಿಸುವುದು’ ಎನ್ನುತ್ತೇವೆ. ಉರ್ದು ಮಾತಾಡುವ ಮನೆಗಳಲ್ಲಿ ‘ದಮ್ ಮಾಡುವುದು’. ‘ಮಂತ್ರಿಸು’ ಎಂಬ ಮಾತಿನಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ ಎಂದು ನನಗೆ ಅನಿಸುತ್ತದೆ. ಗುಟ್ಟಿನ ಅಕ್ಷರಗಳು, ಯಾರೋ ಒಬ್ಬರಿಗೆ ಮಾತ್ರ ಒಲಿದ ವಿದ್ಯೆ ಎಂಬ ಭಾವ ಅದರ ಜೊತೆಗೇ ಬಂದುಬಿಡುತ್ತದೆ. ರುಕ್ಯಾದಲ್ಲಿ ಗುಟ್ಟು ಏನೂ ಇಲ್ಲ.

ಇಸ್ಲಾಮಿಗಿಂತ ಮೊದಲೂ ಅರಬರಲ್ಲಿ ಊದುವ ರೂಢಿ ಇತ್ತು. ಔಫ್ ಬಿನ್ ಮಾಲಿಕ್(ರ) ಅದರ ಬಗ್ಗೆ ಪ್ರವಾದಿಯವರನ್ನು(ಸ) ಕೇಳಿದಾಗ ಅವರು, ‘ನೀವು ಓದುವುದನ್ನು ನನಗೆ ತೋರಿಸಿ. ಶಿರ್ಕ್ (ಅಲ್ಲಾಹನಿಗೆ ಸಹಭಾಗಿಗಳನ್ನು ಸೇರಿಸುವುದು) ಇಲ್ಲದಿದ್ದರೆ ರುಕ್ಯಾದಲ್ಲಿ ತೊಂದರೆಯಿಲ್ಲ’ ಎಂದರೆಂದು ಹದೀಸ್‌ಗಳ, ಎಂದರೆ ಪ್ರವಾದಿಯವರ ನುಡಿ-ನಡೆಗಳ ವರದಿಗಳ ಸಂಗ್ರಹವಾದ ಸಹೀಹ್ ಮುಸ್ಲಿಮಿನಲ್ಲಿದೆ. ‘ತೋರಿಸಿ’ ಎಂಬ ಆ ಮಾತನ್ನು ಗಮನಿಸಿ. ತೋರಿಸಲಾಗದ್ದನ್ನು, ಕೇಳಿಸಿ ಹೇಳಲಾಗದ್ದನ್ನು ಓದುವವರನ್ನು ಅಂದೇ ದೂರ ಇಟ್ಟ ಹಾಗಾಯಿತು. 1449ರಲ್ಲಿ ತೀರಿಕೊಂಡ ಹದೀಸ್ ವಿದ್ವಾಂಸ ಇಬ್ನ್ ಹಜರ್, ಉಲಮಾಗಳೆಲ್ಲ (ಧರ್ಮದ ವಿದ್ವಾಂಸರೆಲ್ಲ) ಒಪ್ಪಿದ ಮೂರು ಷರತ್ತುಗಳನ್ನು ಹೇಳುತ್ತಾರೆ: ಓದುವುದು ಅಲ್ಲಾಹನ ವಚನವೋ ಅವನ ಹೆಸರು, ಗುಣಗಳೋ ಆಗಿರಬೇಕು, ಅರಬಿಯಲ್ಲಿ ಅಥವಾ ಅರ್ಥ ತಿಳಿಯುವ ಬೇರೆ ಭಾಷೆಯಲ್ಲಿರಬೇಕು, ಗುಣಪಡಿಸುವುದು ಓದು ತಾನೇ ಅಲ್ಲ, ಅಲ್ಲಾಹನು ಎಂಬ ನಂಬಿಕೆ ಇರಬೇಕು.

ಮೂರನೆಯದೇ ಕಷ್ಟದ್ದು. ಏಳು ಸಲ ಓದಿದೆ, ಇನ್ನೂ ತಲೆನೋವು ಹೋಗಲಿಲ್ಲವಲ್ಲ ಎಂದು ಅನಿಸಿದ ಕ್ಷಣವೇ ನಾವು ಓದನ್ನು ಮಾತ್ರೆ ಮಾಡಿಕೊಂಡಿರುತ್ತೇವೆ. ರುಕ್ಯಾ ಎಂದರೆ ಬೇಡಿಕೆ. ಕೇಳುವುದು ನಮ್ಮ ಕೆಲಸ, ಕೊಡುವುದು ಅವನ ಕೆಲಸ.

ಮೊದಲು ಡಾಕ್ಟರು

ಇದನ್ನು ಕೊನೆಯಲ್ಲಿ ಒಂದು ಎಚ್ಚರಿಕೆಯಾಗಿ ಬರೆದು ಮುಗಿಸಲು ನನಗೆ ಮನಸ್ಸಿಲ್ಲ, ಹಾಗಾಗಿ ಮೊದಲಿಗೇ ಹೇಳುತ್ತೇನೆ. ಹಳ್ಳಿಗಾಡಿನ ಅರಬರು ಬಂದು, ‘ನಾವು ಔಷಧ ಮಾಡಿಸಿಕೊಳ್ಳಬೇಕೇ?’ ಎಂದು ಕೇಳಿದಾಗ ಪ್ರವಾದಿ(ಸ), ‘ಹೌದು, ಅಲ್ಲಾಹನ ದಾಸರೇ, ಔಷಧ ಮಾಡಿ’ ಎಂದರು. ಮುಪ್ಪೊಂದನ್ನು ಬಿಟ್ಟು ಪ್ರತಿ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂದೂ ಹೇಳಿದರು. ಅಬೂದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿ ಈ ಹದೀಸ್ ಇದೆ. ಸೂರಾ ನಹ್ಲ್‌ನ 69ನೇ ಆಯತ್ (ವಚನ) ಜೇನಿನಲ್ಲಿ ಮನುಷ್ಯರಿಗೆ ಶಿಫಾ ಇದೆ ಎನ್ನುತ್ತದೆ. ಕುರ್‌ಆನಿಗೆ ‘ಶಿಫಾ’ ಎಂದು ಹೇಳಿದ ಅದೇ ಗ್ರಂಥ, ಹೊಟ್ಟೆಗೆ ಇಳಿಯುವ ಒಂದು ವಸ್ತುವಿಗೂ ಅದೇ ಮಾತನ್ನು ಬಳಸಿದೆ. ಆಸ್ಪತ್ರೆಗೆ ಹೋದರೆ ಈಮಾನ್ (ದೇವರ ಮೇಲಿನ ವಿಶ್ವಾಸ) ಕಡಿಮೆಯಾಯಿತೆಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಹಾವು ಕಚ್ಚಿದರೆ, ಎದೆ ಹಿಡಿದುಕೊಂಡರೆ, ಮುಖ ಒಂದು ಬದಿಗೆ ವಾಲಿ ಮಾತು ತೊದಲಿದರೆ, ಮಗುವಿಗೆ ಜ್ವರದ ಜೊತೆ ಉಸಿರಾಟ ಜೋರಾದರೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ, ಗಾಡಿಯೊಳಗೆ, ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಓದಿ. ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಅಪಸ್ಮಾರದ ವಿಷಯ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಮೂರ್ಛೆ ಬಂತೆಂದರೆ ಜಿನ್ನ್ (ಕಣ್ಣಿಗೆ ಕಾಣದ ಜೀವಿ) ಹಿಡಿದಿದೆ ಎಂದುಬಿಡುತ್ತಾರೆ. ಸೆಳೆತ ಬಂದವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿಕೊಳ್ಳಿ. ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣದ ಕೀಲಿಕೈ ಹಿಡಿಸಬೇಡಿ, ಮಂತ್ರಿಸಿದ ನೀರನ್ನು ಆ ಹೊತ್ತಿನಲ್ಲಿ ಕುಡಿಸಲೇಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಐದು ನಿಮಿಷ ಕಳೆದೂ ಸೆಳೆತ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಿ. ನಂತರ ನರರೋಗದ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಅವರು ಹೇಳದೆ ನಿಲ್ಲಿಸಬೇಡಿ.

ಓದಲು ಕೂರುವ ಮೊದಲು

ದೊಡ್ಡ ತಯಾರಿ ಏನೂ ಬೇಡ. ವುಝೂ (ನಮಾಝಿಗೆ ಮೊದಲು ಮಾಡುವ ಅಂಗಶುದ್ಧಿ) ಮಾಡಿದರೆ ಉತ್ತಮ, ಕಡ್ಡಾಯವಿಲ್ಲ. ಮುಸ್‌ಹಫ್ (ಕುರ್‌ಆನಿನ ಪ್ರತಿ) ಮುಟ್ಟುವುದಾದರೆ ಮಾತ್ರ ವುಝೂ ಬೇಕು. ಟಿವಿ ಆರಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಧೂಪ, ನಿಂಬೆಹಣ್ಣು, ಕಪ್ಪು ದಾರ, ಮೊಟ್ಟೆ ಇವು ಯಾವುವೂ ರುಕ್ಯಾಕ್ಕೆ ಬೇಡ.

ಮುಟ್ಟಿನ ದಿನಗಳಲ್ಲಿ, ಬಾಣಂತನದಲ್ಲಿ ಏನು ಮಾಡುವುದೆಂದು ಹೆಣ್ಣುಮಕ್ಕಳು ಕೇಳುತ್ತಾರೆ. ತಿಲಾವತ್ತಿನ (ಪಾರಾಯಣದ) ಉದ್ದೇಶದಿಂದ ಕುರ್‌ಆನ್ ಓದಬಾರದೆಂಬುದು ಹೆಚ್ಚಿನ ಉಲಮಾಗಳ ಅಭಿಪ್ರಾಯ. ಆದರೆ ಕರಾವಳಿಯ ಶಾಫಿಈ, ಒಳನಾಡಿನ ಹನಫಿ ಎಂಬ ಎರಡೂ ಧರ್ಮಶಾಸ್ತ್ರ ಪಂಥಗಳಲ್ಲಿ, ಝಿಕ್ರ್ (ದೇವಸ್ಮರಣೆ) ಅಥವಾ ದುಆದ ಉದ್ದೇಶದಿಂದ ಅಂಥ ಆಯತ್‌ಗಳನ್ನು ಹೇಳಿಕೊಳ್ಳಲು ದಾರಿಯಿದೆ. ಹದೀಸಿನಲ್ಲಿ ಬಂದ ದುಆಗಳಿಗಂತೂ ಯಾವ ತಡೆಯೂ ಇಲ್ಲ. ಬಾಣಂತಿ ತನ್ನ ಕೂಸಿಗೆ ಓದಲು ನಲವತ್ತು ದಿನ ಕಾಯಬೇಕಿಲ್ಲ.

ಇನ್ನೊಂದು ಮಾತು ಉಚ್ಚಾರಣೆಯದು. ಈ ಲೇಖನದಲ್ಲಿ ದುಆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ನೆನಪಿಗೆ ಸಹಾಯವಾಗಲೆಂದು ಮಾತ್ರ. ನಮ್ಮ ಲಿಪಿಯಲ್ಲಿ ಅರಬಿಯ ಎರಡು ‘ಹ’ಗಳಿಗೆ ಒಂದೇ ಅಕ್ಷರ, ಮೂರು ‘ಸ’ಗಳಿಗೆ ಒಂದೇ ಅಕ್ಷರ. ‘ಕಲ್ಬ್’ ಎಂದು ಬರೆದರೆ ಅದು ಹೃದಯವೂ ಆಗಬಹುದು, ನಾಯಿಯೂ ಆಗಬಹುದು. ಗಂಟಲಿನ ‘ಕ’ ಯಾವುದು, ಬಾಯಿಯ ‘ಕ’ ಯಾವುದು ಎಂದು ಕನ್ನಡ ಹೇಳುವುದಿಲ್ಲ. ಒಮ್ಮೆ ಚೆನ್ನಾಗಿ ಓದಬಲ್ಲ ಒಬ್ಬರ ಎದುರು ಕೂತು ಹೇಳಿ ತಿದ್ದಿಸಿಕೊಳ್ಳಿ. ನಿಮ್ಮ ಮಗಳೇ ಮದ್ರಸಾಕ್ಕೆ ಹೋಗುತ್ತಿದ್ದರೆ ಅವಳ ಎದುರು ಕೂರಬಹುದು. ತೊದಲುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲ ಎಂಬ ಹದೀಸ್ ಇದೆ, ಆದ್ದರಿಂದ ನಾಚಿಕೆ ಬೇಡ.

ಅರ್ಥವನ್ನೂ ಒಮ್ಮೆ ಕನ್ನಡದಲ್ಲಿ ಓದಿಕೊಳ್ಳಿ. ಸೂರಾ ಫಲಕ್‌ನಲ್ಲಿ ‘ಕವಿದು ಬರುವ ಕತ್ತಲೆಯ ಕೆಡುಕಿನಿಂದ, ಅಸೂಯೆಪಡುವವನು ಅಸೂಯೆಪಟ್ಟಾಗಿನ ಕೆಡುಕಿನಿಂದ’ ಎಂದು ನಾವು ಏನನ್ನು ಕೇಳುತ್ತಿದ್ದೇವೆಂದು ಗೊತ್ತಾದ ರಾತ್ರಿಯ ಓದೇ ಬೇರೆ.

ಮೊದಲ ಹೆಜ್ಜೆ: ಮಲಗುವ ಮುನ್ನದ ಓದು

ಹೊಸದಾಗಿ ಶುರುಮಾಡುವವರು ಇಲ್ಲಿಂದಲೇ ಶುರುಮಾಡಿ. ಕಾಯಿಲೆ ಬೀಳುವವರೆಗೆ ಕಾಯಬೇಡಿ. ಪ್ರವಾದಿ(ಸ) ಪ್ರತಿ ರಾತ್ರಿ ಮಲಗುವಾಗ ಇದನ್ನು ಮಾಡುತ್ತಿದ್ದರೆಂದು ಅವರ ಪತ್ನಿ ಆಯಿಶಾ(ರ) ಹೇಳಿದ್ದು ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ.

ಹಾಸಿಗೆಯ ಮೇಲೆ ಕೂತು ಎರಡೂ ಅಂಗೈಗಳನ್ನು ದುಆಕ್ಕೆ ಹಿಡಿಯುವಂತೆ ಜೋಡಿಸಿ. ‘ಕುಲ್ ಹುವಲ್ಲಾಹು ಅಹದ್’, ‘ಕುಲ್ ಅಊದು ಬಿರಬ್ಬಿಲ್ ಫಲಕ್’, ‘ಕುಲ್ ಅಊದು ಬಿರಬ್ಬಿನ್ನಾಸ್’, ಈ ಮೂರು ಸೂರಾಗಳನ್ನು ಓದಿ ಅಂಗೈಗೆ ಮೆಲ್ಲಗೆ ಊದಿ. ಊದುವುದೆಂದರೆ ದೀಪ ಆರಿಸುವ ಹಾಗೆ ಅಲ್ಲ. ತುಟಿಯ ತೇವ ತುಸುವೇ ಬೆರೆತ ಹಗುರವಾದ ಉಸಿರು. ಆಮೇಲೆ ತಲೆ, ಮುಖದಿಂದ ಶುರುಮಾಡಿ ದೇಹದ ಮುಂಭಾಗ, ಕೈ ಎಟುಕುವಷ್ಟು ಕಡೆ ಸವರಿಕೊಳ್ಳಿ. ಹೀಗೆ ಮೂರು ಸಲ. ಮೂರೂ ಸೂರಾ ಸೇರಿ ಹದಿನೈದೇ ಆಯತ್, ಎಲ್ಲ ಮುಗಿಯಲು ಐದು ನಿಮಿಷವೂ ಬೇಡ.

ಇದಕ್ಕೆ ಆಯತುಲ್ ಕುರ್ಸಿಯನ್ನು, ಎಂದರೆ ಸೂರಾ ಬಕರಾದ 255ನೇ ಆಯತ್ತನ್ನು ಸೇರಿಸಿ. ಅದನ್ನು ಓದಿ ಮಲಗಿದವರಿಗೆ ಬೆಳಗಿನವರೆಗೆ ಅಲ್ಲಾಹನ ಕಾವಲು ಇರುತ್ತದೆಂಬ ಮಾತು ಅಬೂಹುರೈರಾ(ರ) ಹೇಳಿದ ಹದೀಸಿನಲ್ಲಿ ಬರುತ್ತದೆ. ಅದೇ ಸೂರಾದ ಕೊನೆಯ ಎರಡು ಆಯತ್‌ಗಳು, 285 ಮತ್ತು 286, ರಾತ್ರಿ ಓದಿದವರಿಗೆ ಸಾಕಾಗುತ್ತವೆ ಎಂದೂ ಪ್ರವಾದಿ(ಸ) ಹೇಳಿದ್ದಾರೆ. ‘ಅಲ್ಲಾಹನು ಯಾರ ಮೇಲೂ ಅವರ ಶಕ್ತಿ ಮೀರಿದ ಹೊರೆ ಹೊರಿಸುವುದಿಲ್ಲ’ ಎಂಬ ಮಾತು ಇರುವುದು 286ರಲ್ಲೇ. ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಆ ಒಂದು ಸಾಲನ್ನೇ ಮತ್ತೆ ಮತ್ತೆ ಹೇಳಿಕೊಂಡು ಬೆಳಗು ಮಾಡಿದ್ದೇನೆ.

ಎರಡನೇ ಹೆಜ್ಜೆ: ನೋವಿರುವಲ್ಲಿ ಕೈಯಿಡುವುದು

ಉಸ್ಮಾನ್ ಬಿನ್ ಅಬಿಲ್ ಆಸ್(ರ) ಎಂಬ ಸಹಾಬಿಗೆ (ಪ್ರವಾದಿಯವರ ಸಂಗಾತಿಗೆ) ಮೈಯಲ್ಲಿ ಒಂದು ನೋವಿತ್ತು. ಅವರು ಬಂದು ಹೇಳಿದಾಗ ಪ್ರವಾದಿ(ಸ) ತಾವೇ ಊದಿ ಕಳಿಸಲಿಲ್ಲ, ಅವರಿಗೇ ಕಲಿಸಿಕೊಟ್ಟರು. ಈ ಲೇಖನದ ಜೀವವೇ ನನಗೆ ಆ ಹದೀಸಿನಲ್ಲಿದೆ. ನೋವಿರುವ ಜಾಗದ ಮೇಲೆ ನಿನ್ನ ಕೈಯಿಡು, ‘ಬಿಸ್ಮಿಲ್ಲಾಹ್’ ಎಂದು ಮೂರು ಸಲ ಹೇಳು, ನಂತರ ಏಳು ಸಲ ಹೀಗೆನ್ನು ಎಂದರು:

ಅಊದು ಬಿಲ್ಲಾಹಿ ವ ಕುದ್‌ರತಿಹೀ ಮಿನ್ ಶರ್ರಿ ಮಾ ಅಜಿದು ವ ಉಹಾದಿರು.

ನಾನು ಅನುಭವಿಸುತ್ತಿರುವ, ಮತ್ತು ಭಯಪಡುತ್ತಿರುವ ಕೆಡುಕಿನಿಂದ ಅಲ್ಲಾಹನಲ್ಲೂ ಅವನ ಶಕ್ತಿಯಲ್ಲೂ ಅಭಯ ಬೇಡುತ್ತೇನೆ ಎಂದು ಅರ್ಥ. ಈಗಿನ ನೋವಿನ ಜೊತೆ, ಇದು ಏನಾಗಿರಬಹುದೋ, ಮುಂದೆ ಏನಾಗುವುದೋ ಎಂಬ ಭಯವನ್ನೂ ಈ ದುಆ ಹೆಸರಿಸುತ್ತದೆ. ಸ್ಕ್ಯಾನಿಂಗ್ ವರದಿಗೆ ಕಾಯುತ್ತಿರುವವರಿಗೆ ಅದರ ಬೆಲೆ ಗೊತ್ತು.

ಸೊಂಟನೋವು, ಮಂಡಿನೋವು, ಮೈಗ್ರೇನ್, ಮುಟ್ಟಿನ ಹೊಟ್ಟೆನೋವು, ಯಾವುದಕ್ಕೂ ಇದನ್ನು ಹೇಳಬಹುದು. ಡಯಾಲಿಸಿಸ್ ಹಾಸಿಗೆಯ ಮೇಲೆ ಒಂದು ಕೈಗೆ ಸೂಜಿ ಇದ್ದರೆ ಇನ್ನೊಂದು ಕೈ ಸಾಕು.

ಮೂರನೇ ಹೆಜ್ಜೆ: ಮಕ್ಕಳಿಗೆ

ಮೊಮ್ಮಕ್ಕಳಾದ ಹಸನ್ ಮತ್ತು ಹುಸೈನ್‌ರ(ರ) ಮೇಲೆ ಪ್ರವಾದಿ(ಸ) ಓದುತ್ತಿದ್ದ ದುಆ ಇದು. ಇಬ್ರಾಹೀಮರು(ಅ) ತಮ್ಮ ಮಕ್ಕಳಾದ ಇಸ್ಮಾಈಲ್ ಮತ್ತು ಇಸ್‌ಹಾಕ್‌ರಿಗೂ ಹೀಗೆಯೇ ಅಭಯ ಬೇಡುತ್ತಿದ್ದರೆಂದು ಅವರು ಹೇಳುತ್ತಿದ್ದರು.

ಉಈದುಕುಮಾ ಬಿಕಲಿಮಾತಿಲ್ಲಾಹಿತ್ತಾಮ್ಮಃ, ಮಿನ್ ಕುಲ್ಲಿ ಶೈತಾನಿನ್ ವ ಹಾಮ್ಮಃ, ವ ಮಿನ್ ಕುಲ್ಲಿ ಐನಿನ್ ಲಾಮ್ಮಃ.

ಶೈತಾನನಿಂದ, ವಿಷಜಂತುವಿನಿಂದ, ಕೆಟ್ಟ ದೃಷ್ಟಿಯಿಂದ ನಿಮ್ಮಿಬ್ಬರನ್ನು ಅಲ್ಲಾಹನ ಪರಿಪೂರ್ಣ ವಚನಗಳ ಆಶ್ರಯಕ್ಕೆ ಒಪ್ಪಿಸುತ್ತೇನೆ ಎಂದರ್ಥ. ಒಬ್ಬನೇ ಗಂಡುಮಗುವಾದರೆ ‘ಉಈದುಕ’, ಹೆಣ್ಣುಮಗುವಾದರೆ ‘ಉಈದುಕಿ’, ಮೂರು ಅಥವಾ ಹೆಚ್ಚು ಮಕ್ಕಳಿದ್ದರೆ ‘ಉಈದುಕುಮ್’ ಎಂದು ಮೊದಲ ಪದ ಬದಲಾಗುತ್ತದೆ.

ಮಗು ಮಲಗಿದ ಮೇಲೆ ಹಣೆಯ ಮೇಲೆ ಕೈಯಿಟ್ಟು ಇದನ್ನು, ಫಾತಿಹಾವನ್ನು, ಕೊನೆಯ ಎರಡು ಸೂರಾಗಳನ್ನು ಓದಿ. ನಮ್ಮ ಉಮ್ಮ ಹೀಗೆ ಓದುವಾಗ ಅವರ ಕೈಯಲ್ಲಿ ಈರುಳ್ಳಿಯ ವಾಸನೆ ಇರುತ್ತಿತ್ತು. ಅರಬಿಯ ಒಂದಕ್ಷರದ ಅರ್ಥವೂ ತಿಳಿಯದ ವಯಸ್ಸಿನಲ್ಲಿ ಆ ಕೈ ಹಣೆಗೆ ತಾಗಿದರೆ ಸಾಕು, ನಿದ್ದೆ ಬರುತ್ತಿತ್ತು.

ದೃಷ್ಟಿ ತಾಗುವುದು ನಿಜವೆಂದು ಹದೀಸಿನಲ್ಲಿದೆ, ಅದಕ್ಕೆ ರುಕ್ಯಾ ಮಾಡಲು ಅನುಮತಿಯೂ ಇದೆ. ಆದರೆ ಯಾರ ದೃಷ್ಟಿ ಎಂದು ಹುಡುಕಲು ಹೋಗಬೇಡಿ. ‘ನಿನ್ನೆ ನೆರೆಮನೆಯಾಕೆ ಬಂದು ಎತ್ತಿಕೊಂಡಿದ್ದಳು’ ಎಂದು ಶುರುವಾದ ಮಾತು ಎಷ್ಟು ಮನೆಗಳ ನಡುವೆ ಬೇಲಿ ಹಾಕಿದೆಯೋ ಲೆಕ್ಕವಿಲ್ಲ. ಮಗು ಸತತವಾಗಿ ಅತ್ತರೆ ಕಿವಿನೋವು, ಹೊಟ್ಟೆಯ ವಾಯು, ಹಾಲು ಸಾಲದಿರುವುದು, ಇವನ್ನು ಮಕ್ಕಳ ಡಾಕ್ಟರ ಹತ್ತಿರ ಮೊದಲು ತೋರಿಸಿಕೊಳ್ಳಿ. ಮಗುವಿನ ಕುತ್ತಿಗೆಗೆ ದಾರ ಕಟ್ಟಬೇಡಿ. ತಾವೀಜಿನ (ತಾಯತದ) ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇರುವುದು ನನಗೆ ಗೊತ್ತು, ಆ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ಮಲಗಿದ ಕೂಸಿನ ಕುತ್ತಿಗೆಗೆ ದಾರ ಬಿಗಿದುಕೊಳ್ಳುವ ಅಪಾಯದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.

ನಾಲ್ಕನೇ ಹೆಜ್ಜೆ: ಕಾಯಿಲೆಯವರ ಬಳಿ ಕೂತು ಓದುವಾಗ

ಮೊದಲು ಕೇಳಿ. ‘ಸ್ವಲ್ಪ ಓದಲಾ?’ ಎಂಬ ಒಂದು ಮಾತು ಸಾಕು. ಆಸ್ಪತ್ರೆಯಾದರೆ ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದಷ್ಟು ತಗ್ಗಿದ ದನಿಯಲ್ಲಿ ಓದಿ. ಬಲಗೈಯನ್ನು ಅವರ ತಲೆಯ ಮೇಲೋ ನೋವಿರುವ ಕಡೆಯೋ ಇಡಿ. ಮಹ್ರಮ್ (ಮದುವೆಯಾಗಲು ಬಾರದಷ್ಟು ಹತ್ತಿರದ ಬಂಧು) ಅಲ್ಲದವರಾದರೆ ಮುಟ್ಟುವ ಅಗತ್ಯವಿಲ್ಲ, ಓದಿದರೆ ಸಾಕು. ಓದಬೇಕಾದ ಕ್ರಮ ನಾನು ಕಂಡಂತೆ ಹೀಗಿದ್ದರೆ ಚೆನ್ನ: ಫಾತಿಹಾ ಏಳು ಸಲ, ಆಯತುಲ್ ಕುರ್ಸಿ ಒಂದು ಸಲ, ಕೊನೆಯ ಮೂರು ಸೂರಾಗಳು ಮೂರು ಮೂರು ಸಲ. ಆಮೇಲೆ ಬುಖಾರಿ, ಮುಸ್ಲಿಂ ಎರಡರಲ್ಲೂ ಇರುವ ಈ ದುಆ:

ಅಲ್ಲಾಹುಮ್ಮ ರಬ್ಬನ್ನಾಸ್, ಅದ್‌ಹಿಬಿಲ್ ಬಅ್‌ಸ್, ಇಶ್‌ಫಿ ಅನ್‌ತಶ್ಶಾಫೀ, ಲಾ ಶಿಫಾಅ ಇಲ್ಲಾ ಶಿಫಾಉಕ, ಶಿಫಾಅನ್ ಲಾ ಯುಗಾದಿರು ಸಕಮಾ.

ಜನರ ಪ್ರಭುವೇ, ಈ ಸಂಕಟ ನೀಗಿಸು, ಗುಣಪಡಿಸು, ಗುಣಪಡಿಸುವವನು ನೀನೇ, ನಿನ್ನದಲ್ಲದೆ ಬೇರೆ ಶಿಫಾ ಇಲ್ಲ, ಕಾಯಿಲೆಯ ಕುರುಹೂ ಉಳಿಯದಂಥ ಶಿಫಾ ಕೊಡು. ಇದರ ಜೊತೆ ಏಳು ಸಲ ‘ಅಸ್‌ಅಲುಲ್ಲಾಹಲ್ ಅಝೀಮ ರಬ್ಬಲ್ ಅರ್ಶಿಲ್ ಅಝೀಮಿ ಅನ್ ಯಶ್‌ಫಿಯಕ’ ಎನ್ನಿ. ಹೆಂಗಸಾದರೆ ಕೊನೆಗೆ ‘ಯಶ್‌ಫಿಯಕಿ’. ಸಂಖ್ಯೆ ತಪ್ಪಿದರೆ ಗಾಬರಿ ಬೇಡ. ಏಳರ ಬದಲು ಆರಾದರೆ ಕೇಳಿಸದೆ ಹೋಗುವುದಿಲ್ಲ.

ನಂತರ ಕನ್ನಡದಲ್ಲೋ ಬ್ಯಾರಿಯಲ್ಲೋ ಉರ್ದುವಿನಲ್ಲೋ ನಿಮ್ಮದೇ ಮಾತಿನಲ್ಲಿ ಕೇಳಿ. ಅವರ ಹೆಸರು ಹಿಡಿದು ಕೇಳಿ. ಹಾಸಿಗೆಯಲ್ಲಿರುವವರಿಗೆ ಅದು ಕಿವಿಗೆ ಬೀಳಲಿ.

ನೆಗಡಿ, ಕೆಮ್ಮು, ಕ್ಷಯ ನಿಮಗಿದ್ದರೆ, ಅಥವಾ ರೋಗಿಗೆ ಕೀಮೋ ನಡೆಯುತ್ತಿದ್ದರೆ ಊದಬೇಡಿ. ಓದಿ ದುಆ ಮಾಡಿ ಎದ್ದುಬನ್ನಿ. ಊದದಿದ್ದರೆ ರುಕ್ಯಾ ಕೆಡುವುದಿಲ್ಲ. ಪ್ರವಾದಿಯವರಿಗೆ(ಸ) ಮೈ ಸರಿಯಿಲ್ಲದಾಗ ದೇವದೂತ ಜಿಬ್ರೀಲರು(ಅ) ಬಂದು ‘ಬಿಸ್ಮಿಲ್ಲಾಹಿ ಅರ್ಕೀಕ’ ಎಂದು ಹೇಳಿದ ರುಕ್ಯಾದಲ್ಲಿ ಬರೀ ಮಾತೇ ಇದೆ.

ನೀರು, ಎಣ್ಣೆ, ಮೊಬೈಲಿನ ಓದು

ನೀರಿನ ಮೇಲೆ ಓದಿ ಕುಡಿಸುವುದನ್ನು ಬಹಳ ಉಲಮಾಗಳು ಒಪ್ಪಿದ್ದಾರೆ, ಪಾನೀಯಕ್ಕೆ ಊದಬಾರದೆಂಬ ಹದೀಸನ್ನು ಮುಂದಿಟ್ಟು ಕೆಲವರು ಬೇಡವೆಂದಿದ್ದಾರೆ. 1350ರಲ್ಲಿ ತೀರಿಕೊಂಡ ದಮಾಸ್ಕಸ್‌ನ ಇಬ್ನುಲ್ ಕಯ್ಯಿಮ್, ತಾವು ಮಕ್ಕಾದಲ್ಲಿ ಕಾಯಿಲೆ ಬಿದ್ದು ವೈದ್ಯರೂ ಔಷಧವೂ ಸಿಗದ ಹೊತ್ತಿನಲ್ಲಿ ಅಲ್ಲಿನ ಪವಿತ್ರ ಬಾವಿಯಾದ ಝಂಝಂನ ನೀರಿನ ಮೇಲೆ ಫಾತಿಹಾ ಓದಿ ಕುಡಿಯುತ್ತಿದ್ದೆನೆಂದೂ ಅದರಿಂದ ಗುಣ ಕಂಡೆನೆಂದೂ ಬರೆದಿದ್ದಾರೆ. ಔಷಧ ಸಿಗದ ಹೊತ್ತಿನಲ್ಲಿ ಎಂಬುದನ್ನು ಬಿಟ್ಟು ಉಳಿದದ್ದನ್ನಷ್ಟೇ ಜನ ಹೇಳುತ್ತಾರೆ. ಮಾಡುವುದಾದರೆ ಕುದಿಸಿ ಆರಿಸಿದ ನೀರಿಗೆ ಮಾಡಿ, ಒಂದು ಲೋಟದಷ್ಟು, ಅಂದೇ ಕುಡಿದು ಮುಗಿಸಿ. ತಿಂಗಳುಗಟ್ಟಲೆ ಬಾಟಲಿಯಲ್ಲಿಟ್ಟ ನೀರು ಹೊಟ್ಟೆ ಕೆಡಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಓದಿದ ಜೇನು ಎಂದು ಚಮಚಗಟ್ಟಲೆ ಕೊಡಬೇಡಿ. ಓದಿದರೂ ಅದರ ಸಕ್ಕರೆ ಸಕ್ಕರೆಯೇ. ಎಣ್ಣೆ ನೋವಿಗೆ ಹಚ್ಚಿಕೊಳ್ಳಲು ಸರಿ, ತೆರೆದ ಗಾಯಕ್ಕೆ ಬೇಡ.

ಮೊಬೈಲಿನಲ್ಲಿ ಗಂಟೆಗಟ್ಟಲೆ ಓಡುವ ರುಕ್ಯಾ ಆಡಿಯೋಗಳಿವೆ. ಏಳಲಾಗದ ವೃದ್ಧರಿಗೆ, ಓದಲು ಬಾರದವರಿಗೆ ಕೇಳುವುದರಲ್ಲಿ ನೆಮ್ಮದಿಯಿದೆ. ಸೂರಾ ಬಕರಾ ಓದುವ ಮನೆಯಿಂದ ಶೈತಾನ ಓಡಿಹೋಗುತ್ತಾನೆಂಬ ಹದೀಸಿದೆ, 286 ಆಯತ್‌ಗಳ ಆ ಸೂರಾವನ್ನು ಒಂದೇ ಸಲ ಕೂತು ಓದಲಾಗದವರು ದಿನಕ್ಕೆ ಎರಡು ಪುಟ ಓದಿ. ಆಡಿಯೋ ಹಾಕಿಟ್ಟು ಬೇರೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರೆ ಅದು ನಿಮ್ಮ ಬೇಡಿಕೆಯಾಗುವುದಿಲ್ಲ. ಬಂದಷ್ಟನ್ನು ನಿಮ್ಮ ನಾಲಿಗೆಯಿಂದಲೇ ಹೇಳಿ.

ಮನಸ್ಸಿಗೆ ಕಾಯಿಲೆ ಬಂದಾಗ

ನನ್ನ ತಂಗಿಗೆ ಎರಡನೇ ಹೆರಿಗೆಯಾಗಿ ತಿಂಗಳು ಕಳೆದಿರಲಿಲ್ಲ. ನಿದ್ದೆ ಬಿಟ್ಟಳು, ಊಟ ಬಿಟ್ಟಳು, ಮಗುವನ್ನು ಎತ್ತಿಕೊಳ್ಳಲು ಹೆದರಿದಳು. ಗೋಡೆ ನೋಡುತ್ತಾ ಕೂತವಳು ಒಂದು ದಿನ ‘ನಾನಿಲ್ಲದಿದ್ದರೆ ಮಗು ಚೆನ್ನಾಗಿರುತ್ತದೆ’ ಎಂದಳು. ಮನೆಯವರು ಅವಳನ್ನು ದೂರದ ಊರಿನ ಒಬ್ಬ ಚಿಕಿತ್ಸೆಯವರ ಬಳಿಗೆ ಕರೆದುಕೊಂಡು ಹೋದರು. ತಾಯಿಯ ಹೆಸರು ಕೇಳಿ, ಏನೋ ಲೆಕ್ಕ ಹಾಕಿ, ಮೈಮೇಲೆ ಜಿನ್ನ್ ಇದೆ ಎಂದರು. ಇಂಗ್ಲಿಷ್ ಮದ್ದು ಮುಟ್ಟಬಾರದೆಂದರು. ಐದು ವಾರ ಹೀಗೇ ಹೋಯಿತು. ಹಣದ ಲೆಕ್ಕವನ್ನು ನಾನು ಬರೆಯುವುದಿಲ್ಲ, ಆ ಐದು ವಾರ ಅವಳು ಪಟ್ಟದ್ದರ ಮುಂದೆ ಅದು ಏನೂ ಅಲ್ಲ.

ಕೊನೆಗೆ ಮನೋವೈದ್ಯರ ಬಳಿ ಹೋದಾಗ ಅವರು ಇದು ಬಾಣಂತಿಯರಿಗೆ ಬರುವ ಖಿನ್ನತೆ, ಗುಣವಾಗುತ್ತದೆ ಎಂದರು. ಗುಣವಾಯಿತು. ಆ ತಿಂಗಳುಗಳಲ್ಲೂ ನಾವು ಓದುವುದನ್ನು ಬಿಡಲಿಲ್ಲ. ಬದಲಾದದ್ದು ಇಷ್ಟೇ: ಅವಳ ಮೇಲೆ ಯಾರೋ ಓದುವುದು ನಿಂತು, ಮಾತ್ರೆ ನುಂಗಿದ ಮೇಲೆ ಅವಳೇ ತನ್ನ ಎದೆಯ ಮೇಲೆ ಕೈಯಿಟ್ಟು ಓದತೊಡಗಿದಳು. ‘ಅನ್ನೀ ಮಸ್ಸನಿಯದ್ದುರ್ರು ವ ಅನ್‌ತ ಅರ್‌ಹಮುರ್ರಾಹಿಮೀನ್’, ನನಗೆ ಸಂಕಟ ತಟ್ಟಿದೆ, ನೀನು ಕರುಣಾಳುಗಳಲ್ಲೆಲ್ಲ ಮಹಾ ಕರುಣಾಳು ಎಂದು ಅಯ್ಯೂಬರು(ಅ) ಕೇಳಿಕೊಂಡದ್ದು ಸೂರಾ ಅಂಬಿಯಾದ 83ನೇ ಆಯತ್. ನೋವನ್ನು ಬಾಯಿಬಿಟ್ಟು ಹೇಳುವುದು ಈಮಾನಿಗೆ ಕುಂದಲ್ಲವೆಂದು ಒಬ್ಬ ಪ್ರವಾದಿಯ ಬಾಯಿಂದಲೇ ಅವಳಿಗೆ ಗೊತ್ತಾಯಿತು.

ಜಿನ್ನ್‌ಗಳ ಇರುವಿಕೆಯನ್ನು ನಾನು ನಂಬುತ್ತೇನೆ, ಕುರ್‌ಆನಿನಲ್ಲಿ ಅವರ ಹೆಸರಿನದೇ ಒಂದು ಸೂರಾ ಇದೆ. ಆದರೆ ಒಬ್ಬರ ಕಾಯಿಲೆ ಜಿನ್ನ್‌ನಿಂದಲೇ ಬಂದದ್ದು ಎಂದು ಖಚಿತವಾಗಿ ಹೇಳುವವರು ಗೈಬ್ (ಮನುಷ್ಯರಿಗೆ ಕಾಣದ್ದು) ಬಲ್ಲೆನೆಂದು ಹೇಳಿದ ಹಾಗಾಯಿತು. ಮನಸ್ಸು ಕುಸಿದಿದ್ದರೆ, ಸಾಯುವ ಮಾತು ಬಂದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಉಚಿತ ಸೇವೆ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಓದುವವರನ್ನು ಹುಡುಕಿ ಹೋಗುವುದಾದರೆ

ವಿಚಾರಣೆಯಿಲ್ಲದೆ ಸ್ವರ್ಗ ಸೇರುವ 70,000 ಜನರ ಬಗ್ಗೆ ಹೇಳುವಾಗ ಪ್ರವಾದಿ(ಸ), ಅವರು ಬೇರೆಯವರಲ್ಲಿ ರುಕ್ಯಾ ಕೇಳುವವರಲ್ಲ ಎಂದರು. ತಾನೇ ಓದಿಕೊಳ್ಳುವುದಕ್ಕೆ ಅಷ್ಟು ದೊಡ್ಡ ಸ್ಥಾನ. ಆದರೂ ಕೆಲವೊಮ್ಮೆ ನಾಲಿಗೆ ಏಳುವುದಿಲ್ಲ, ಬೇರೊಬ್ಬರ ದನಿ ಬೇಕಾಗುತ್ತದೆ. ಆಗ ಮನೆಯ ಹಿರಿಯರನ್ನು, ನಿಮ್ಮೂರ ಮಸೀದಿಯ ಉಸ್ತಾದರನ್ನು ಕೇಳಿ.

ಅವರು ಓದುವುದು ನಿಮಗೆ ಕೇಳಿಸುತ್ತಿರಬೇಕು, ಅದು ಕುರ್‌ಆನ್ ಎಂದು ಗೊತ್ತಾಗಬೇಕು. ನಿಮ್ಮ ತಾಯಿಯ ಹೆಸರು ಕೇಳಿದರೆ, ಉಟ್ಟ ಬಟ್ಟೆಯ ತುಂಡೋ ಕೂದಲೋ ಬೇಕೆಂದರೆ, ಕಪ್ಪು ಕೋಳಿ ತನ್ನಿ ಎಂದರೆ, ಮಾಟ ಮಾಡಿಸಿದವರ ಹೆಸರು ಹೇಳುತ್ತೇನೆಂದರೆ, ಹೆಣ್ಣುಮಕ್ಕಳನ್ನು ಒಬ್ಬಂಟಿಯಾಗಿ ಒಳಗೆ ಕಳಿಸಿ ಎಂದರೆ, ಡಾಕ್ಟರ ಮಾತ್ರೆ ಬಿಡಿ ಎಂದರೆ ಅಲ್ಲಿಂದ ಎದ್ದುಬನ್ನಿ. ಕಣಿ ಹೇಳುವವನ ಬಳಿ ಹೋಗಿ ಕೇಳಿದವನ ನಲವತ್ತು ರಾತ್ರಿಗಳ ನಮಾಝ್ ಸ್ವೀಕಾರವಾಗುವುದಿಲ್ಲವೆಂದು ಸಹೀಹ್ ಮುಸ್ಲಿಮಿನಲ್ಲಿದೆ. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಹಿಂಸಿಸುವುದು ಕರ್ನಾಟಕದಲ್ಲಿ ಅಪರಾಧ ಕೂಡ; ವಾಮಾಚಾರ ತಡೆಯುವ 2017ರ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಕೋಳ ಹಾಕಿ ಕಟ್ಟಿದ್ದ ಒಬ್ಬ ಮತಿಗೆಟ್ಟವನ ಮೇಲೆ ಒಬ್ಬ ಸಹಾಬಿ ಮೂರು ದಿನ ಬೆಳಿಗ್ಗೆ ಸಂಜೆ ಫಾತಿಹಾ ಓದಿ ಊದಿದ ಘಟನೆ ಅಬೂದಾವೂದಿನಲ್ಲಿದೆ. ಅಲ್ಲಿ ಬೆತ್ತ ಇಲ್ಲ, ಬೈಗುಳ ಇಲ್ಲ.

ಹಣದ ವಿಷಯ. ಚೇಳು ಕಡಿದ ಮುಖಂಡನೊಬ್ಬನ ಮೇಲೆ ಫಾತಿಹಾ ಓದಿದ ಸಹಾಬಿಗಳು ಕುರಿಮಂದೆ ಪಡೆದರು, ಪ್ರವಾದಿ(ಸ) ನಕ್ಕು ಅದನ್ನು ಒಪ್ಪಿದರು ಎಂಬ ಹದೀಸನ್ನು ಪ್ಯಾಕೇಜ್ ದರ ಇಟ್ಟವರೆಲ್ಲ ಹೇಳುತ್ತಾರೆ. ಆ ಬುಡಕಟ್ಟಿನವರು ದಾರಿಹೋಕರಿಗೆ ಊಟ ಕೊಡಲು ಒಪ್ಪಿರಲಿಲ್ಲ, ಅದಕ್ಕೇ ಆ ಕರಾರು ಎಂಬ ಮೊದಲ ಭಾಗವನ್ನೂ, ಆತ ಎದ್ದು ನಡೆದಾಡಿದ ಮೇಲೆಯೇ ಕುರಿಗಳು ಸಂದವೆಂಬುದನ್ನೂ ಅವರು ಹೇಳುವುದಿಲ್ಲ. ಬಂದುಹೋದ ಖರ್ಚು, ಪ್ರೀತಿಯಿಂದ ಕೊಟ್ಟದ್ದು ಸರಿ. ಮುಂಗಡ ಕೇಳುವವರ ಬಳಿ ಹೋಗಬೇಡಿ.

ಎಷ್ಟು ದಿನ ಓದುವುದು

ರಾತ್ರಿಯ ಓದು ಜೀವನಪೂರ್ತಿಯದು, ಅದಕ್ಕೆ ಕೊನೆ ದಿನವಿಲ್ಲ. ಕಾಯಿಲೆಗೆಂದು ಓದುವುದನ್ನು ಕಾಯಿಲೆ ಇರುವವರೆಗೆ ಓದಿ. ಔಷಧಿ ಚೀಟಿಯನ್ನು ಮುಸ್‌ಹಫಿನ ಪಕ್ಕದಲ್ಲೇ ಇಡಿ, ಮಾತ್ರೆ ನುಂಗುವಾಗ ಒಂದು ಫಾತಿಹಾ ಎಂದು ಮಾಡಿಕೊಂಡರೆ ಎರಡೂ ಮರೆಯುವುದಿಲ್ಲ.

ಗುಣವಾಗದೆ ಹೋಗುವ ಕಾಯಿಲೆಗಳೂ ಇವೆ. ಪ್ರವಾದಿಯವರ(ಸ) ಕೊನೆಯ ಕಾಯಿಲೆಯಲ್ಲಿ ಆಯಿಶಾ(ರ) ಓದಿ, ಬರಕತ್ತಿಗೆಂದು (ಅನುಗ್ರಹಕ್ಕೆಂದು) ಅವರದೇ ಕೈಯನ್ನು ಹಿಡಿದು ಅವರ ಮೈಮೇಲೆ ಸವರುತ್ತಿದ್ದರು. ಕಾಯಿಲೆ ಬಲವಾದ ಮೇಲೆ ಒಮ್ಮೆ ಹಾಗೆ ಕೈ ಹಿಡಿದಾಗ ಪ್ರವಾದಿ(ಸ) ತಮ್ಮ ಕೈ ಬಿಡಿಸಿಕೊಂಡು, ‘ಅಲ್ಲಾಹನೇ, ನನ್ನನ್ನು ಕ್ಷಮಿಸು, ಅತ್ಯುನ್ನತ ಸಂಗಾತಿಯ ಬಳಿ ಸೇರಿಸು’ ಎಂದರು. ಆಯಿಶಾಗೆ(ರ) ಅರ್ಥವಾಯಿತು.

ಅಂಥ ಹಾಸಿಗೆಯ ಬಳಿ ಕೂತವರು ಓದುವುದನ್ನು ನಿಲ್ಲಿಸಬೇಕಿಲ್ಲ. ಕೇಳುವುದನ್ನು ಮಾತ್ರ ಬದಲಿಸಿ: ನೋವು ಹಗುರ ಮಾಡು, ಭಯ ತೆಗೆ, ಈ ದಾರಿಯನ್ನು ಸುಲಭ ಮಾಡು. ದನಿ ತಗ್ಗಿಸಿ. ತುಟಿ ಒಣಗಿದ್ದರೆ ಹತ್ತಿಯನ್ನು ನೀರಿನಲ್ಲಿ ಅದ್ದಿ ತಾಗಿಸಿ. ಕೈಯನ್ನು ಅವರ ಕೈಯೊಳಗೇ ಇಟ್ಟುಕೊಂಡು ಓದಿ.